ಒಂದು ಮಾತೂ ಬಿದ್ದುಹೋಗಬಾರದು

ಆಕ್ಲೆಂಡಿನಿಂದ ದಕ್ಷಿಣಕ್ಕಿರುವ ಕಾಗದದ ಕಾರ್ಖಾನೆಯ ಊರು ಟೊಕೊರೋವಾದಲ್ಲಿ ಅಕಾಯಿತಿಯನ್ನು ಅರಿಯದವರು ಕಡಿಮೆ. ಹಳಬರಿಗೆ ಅವಳು ಟೆಲಿಫೋನ್ ಎಕ್ಸ್‌ಚೇಂಜಿನ ಅಕಾಯಿತಿ. ಹದಿನಾಲ್ಕು ವರ್ಷ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕಾರ್ಖಾನೆಯ ಗಂಡಸರನ್ನು ಅವರವರ ದ್ವೀಪದ ತಾಯಂದಿರಿಗೆ ಜೋಡಿಸಿಕೊಟ್ಟವಳು. ಈಚಿನವರಿಗೆ ಅವಳು ಗ್ಯಾರೇಜಿನಲ್ಲಿ ಆಟದ ಸರ್ವರ್ ಇಟ್ಟುಕೊಂಡಿರುವ ಮುದುಕಿ. ಎರಡೂ ಒಂದೇ ಕೆಲಸ ಎಂದು ಅವಳ ವಾದ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು, ನಡುವೆ ತಾನು ಬಾಯಿ ಹಾಕದಿರುವುದು. ಈ ಎರಡನೆಯದು ಅವಳಿಂದ ಎಕ್ಸ್‌ಚೇಂಜಿನಲ್ಲೂ ಆಗಲಿಲ್ಲ, ಸರ್ವರಿನಲ್ಲೂ ಆಗಲಿಲ್ಲ ಎಂದು ಊರವರು ನಗುತ್ತಾರೆ.

ಎಕ್ಸ್‌ಚೇಂಜಿನಲ್ಲಿ ಅವಳು ಕಲಿತ ಪಾಠ ಒಂದೇ: ಕರೆ ಕಡಿಯಬಾರದು. ಜನ ಕಾಯಲಿ, ಗೊಣಗಲಿ, ಬೈಯಲಿ, ಆದರೆ ಜೋಡಿಸಿದ್ದು ಕಡಿಯಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ತಪ್ಪು ತಂತಿ ಎಳೆದು ಒಬ್ಬನ ತಾಯಿಯ ಮಾತನ್ನು ಅರ್ಧಕ್ಕೆ ನಿಲ್ಲಿಸಿಬಿಟ್ಟಿದ್ದಳು. ಎರಡು ದಿನಕ್ಕೆ ಆ ತಾಯಿ ತೀರಿಕೊಂಡಳು. ಆ ಮನುಷ್ಯ ಒಂದು ಮಾತೂ ಅನ್ನಲಿಲ್ಲ. ದಾರಿಯಲ್ಲಿ ಎದುರಾದರೆ ಟೊಪ್ಪಿ ಎತ್ತಿ ಮುಂದೆ ಹೋಗುತ್ತಿದ್ದ. ಅವನು ನಡುಬೀದಿಯಲ್ಲಿ ನಿಲ್ಲಿಸಿ ಉಗಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಅಕಾಯಿತಿ ಈಗಲೂ ಅನ್ನುತ್ತಾಳೆ.

ಅವಳು ಹುಟ್ಟಿದ್ದು ಸಾಗರದಾಚೆಯ ಮಿತಿಯಾರೊ ದ್ವೀಪದಲ್ಲಿ. ಹವಳದ ಬಂಡೆಯ ಮೇಲೆ ಕೂತ ಆ ಊರಲ್ಲಿ ಈಗ ಇನ್ನೂರು ಜನರೂ ಇಲ್ಲ. ಅಲ್ಲಿಂದ ಹೊರಬಿದ್ದವರು, ಅವರ ಮಕ್ಕಳು ಮೊಮ್ಮಕ್ಕಳು ಟೊಕೊರೋವಾ, ಆಕ್ಲೆಂಡ್, ಬ್ರಿಸ್ಬೇನ್ ಎಂದು ಚದುರಿಹೋಗಿದ್ದಾರೆ. ಅವರಿಗೆಲ್ಲ ಅಕಾಯಿತಿಯ ಗ್ಯಾರೇಜಿನಲ್ಲಿ ಇನ್ನೊಂದು ಮಿತಿಯಾರೊ ಇದೆ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟುವ ಆಟ ಅದು. ಹನ್ನೊಂದು ವರ್ಷದಲ್ಲಿ ದ್ವೀಪವನ್ನು ಇದ್ದದ್ದು ಇದ್ದ ಹಾಗೆ ಕಟ್ಟಿದ್ದಾರೆ: ಸುಣ್ಣದ ಚರ್ಚು, ಹಾವುಮೀನಿನ ಕೆರೆ, ಬಂಡೆಯೊಳಗಿನ ಸಿಹಿನೀರಿನ ಗುಹೆ, ಕೊನೆಗೆ ಯಾರ ಅಂಗಳದಲ್ಲಿ ಯಾರ ಗೋರಿ ಎಂಬುದನ್ನೂ. ಭಾನುವಾರ ಚರ್ಚು ಮುಗಿಸಿ, ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನ ಸೊಪ್ಪು ಉಂಡು, ನೂರಾರು ಜನ ಆಟದೊಳಕ್ಕೆ ಬರುತ್ತಾರೆ. ದಿನ ಬದಲಾಗುವ ಗೆರೆಯ ಆಚೆಗಿರುವ ದ್ವೀಪದವರಿಗೆ ಅದು ಇನ್ನೂ ಶನಿವಾರ. ಅವರು ಮೀನು ಹಿಡಿದು ಬಂದ ಕೈಯಲ್ಲೇ ಕೂರುತ್ತಾರೆ. ಆಟದಲ್ಲಿ ಹತ್ತಿರ ನಿಂತವರ ದನಿ ಹತ್ತಿರದವರಿಗೆ ಕೇಳಿಸುತ್ತದೆ. ಹಾಗಾಗಿ ಕಟ್ಟುವುದು ಕಡಿಮೆ, ಹರಟೆಯೇ ಹೆಚ್ಚು.

ಉಳಿದವರಿಗೆ ಅದು ಭಾನುವಾರದ ಹರಟೆ. ಅಕಾಯಿತಿಗೆ ಊರೇ ಅದು. ಆರು ವರ್ಷದಿಂದ ಅವಳ ಕಿಡ್ನಿ ಕೈಕೊಟ್ಟಿದೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಯಂತ್ರಕ್ಕೆ ತೋಳು ಒಪ್ಪಿಸಿ ಐದು ಗಂಟೆ ಮಲಗಬೇಕು. ಮಿತಿಯಾರೊದಲ್ಲಿ ಆ ಯಂತ್ರವಿಲ್ಲ. ಹೋದರೆ ಬರುವ ಮಾತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ.

ಊರಲ್ಲಿ ಉಳಿದಿದ್ದವಳು ಅಕ್ಕ ಮೊಯೆರೋವಾ. ಐದು ವರ್ಷಕ್ಕೆ ದೊಡ್ಡವಳು, ಮಕ್ಕಳಿಲ್ಲದವಳು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಕಾಯಿತಿ ಹೊಟ್ಟೆಪಾಡಿಗೆ ಇಲ್ಲಿಗೆ ಹೊರಟಾಗ, ಹತ್ತು ತಿಂಗಳ ಮಗ ಅಪೋರೊನನ್ನು ಅಕ್ಕನ ತೊಡೆಯ ಮೇಲಿಟ್ಟು ಬಂದಳು. ಅವರಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ಅಕ್ಕ ಸಾಕಿದರೇನು, ತಂಗಿ ಸಾಕಿದರೇನು, ಮಗು ಮನೆಯದೇ. ಆದರೆ ಇಲ್ಲಿ ಮದುವೆಯಾಗಿ ನೆಲೆ ನಿಂತ ಮೇಲೆ, ಮಗುವಿಗೆ ಒಂಬತ್ತು ತುಂಬಿದ ವರ್ಷ, ಅಕಾಯಿತಿ ಪತ್ರ ಬರೆದಳು: ಮಗನನ್ನು ಕಳಿಸಿಕೊಡು. ಉತ್ತರ ಬರಲಿಲ್ಲ. ಎರಡನೆಯ ಪತ್ರಕ್ಕೂ ಬರಲಿಲ್ಲ. ಮೂರನೆಯದಕ್ಕೆ ಒಂದು ಸಾಲು ಬಂತು. ‘ಅವನು ಬರಲ್ಲ ಅಂತಾನೆ.’ ಅಕ್ಕತಂಗಿಯರ ಮಾತು ಅಲ್ಲಿಗೆ ನಿಂತಿತು. ಒಂದೆರಡು ವರ್ಷವಲ್ಲ, ಮೂವತ್ತು ವರ್ಷ ನಿಂತಿತು.

ಆಟಕ್ಕೆ ಮೊದಲು ಬಂದವನು ಅಪೋರೊ. ಅಷ್ಟು ಹೊತ್ತಿಗೆ ಅವನೂ ನಲವತ್ತರ ಹತ್ತಿರದ ಗಂಡಸು. ದ್ವೀಪದ ವಿದ್ಯುತ್ ಮನೆಯಲ್ಲಿ ಕೆಲಸ. ಸಾಕಿದವಳನ್ನು ಅಮ್ಮ ಎನ್ನುತ್ತಿದ್ದ, ಹೆತ್ತವಳನ್ನು ಚಿಕ್ಕಮ್ಮ ಎನ್ನುತ್ತಿದ್ದ. ಅದರಲ್ಲಿ ಕೊಂಕೇನೂ ಇರಲಿಲ್ಲ. ಕೊಂಕಿದ್ದಿದ್ದರೆ ಅಕಾಯಿತಿ ತಡೆದುಕೊಳ್ಳುತ್ತಿದ್ದಳೇನೋ.

“ಚಿಕ್ಕಮ್ಮ, ನೀನು ನನ್ನ ವಾಪಸ್ ಕೇಳ್ದೇ ಇದ್ದದ್ದೇ ಒಳ್ಳೇದಾಯ್ತು ನೋಡು,” ಎಂದ ಒಂದು ದಿನ, ಆಟದಲ್ಲಿ ಗೋಡೆ ಎಬ್ಬಿಸುತ್ತ. “ಕೇಳಿದ್ರೆ ನಾನೂ ಆ ಚಳೀಲಿ ಕಾರ್ಖಾನೆ ಹೊಗೆ ಕುಡ್ಕೊಂಡು ಬಿದ್ದಿರ್ತಿದ್ದೆ.”

“ಕೇಳ್ಲಿಲ್ಲ ಅಂತ ಯಾರಂದ್ರು?”

“ಅಮ್ಮ. ನಿನ್ನಿಂದ ಒಂದು ಪತ್ರಾನೂ ಬರ್ಲಿಲ್ಲ ಅಂತಿದ್ಲು. ನಂಗೇನೂ ಬೇಜಾರಿಲ್ಲ ಬಿಡು.”

ಬರೆದಿದ್ದೆ ಮಗಾ, ಮೂರು ಬರೆದಿದ್ದೆ ಎಂಬುದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಹೇಳಿದರೆ ನಲವತ್ತು ವರ್ಷದ ಗಂಡಸಿನ ಮನೆಯೊಳಗೆ ಬೆಂಕಿ ಹಚ್ಚಿದಂತೆ. ಆದರೆ ಅಕ್ಕನ ಮೇಲೆ ಅಂದು ಹೊತ್ತಿದ ಸಿಟ್ಟು ಅವಳೊಳಗೇ ಉರಿಯುತ್ತ ಕೂತಿತು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಯಂತ್ರಕ್ಕೆ ತೋಳು ಕೊಟ್ಟು ಮಲಗಿದಾಗ ಅಕ್ಕನನ್ನು ಮನಸ್ಸಿನಲ್ಲೇ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈಯುತ್ತಿದ್ದಳು.

ಮರುವರ್ಷ ಅಕ್ಕನೂ ಆಟಕ್ಕೆ ಬಂದಳು. ಅಪೋರೊ ಪಕ್ಕದಲ್ಲಿ ಕೂತು ಗುಂಡಿ ಒತ್ತುವುದನ್ನು ಕಲಿಸಿದ. ಅಕ್ಕತಂಗಿ ಸೇರಿ ಸತ್ತ ಅವ್ವನ ಮನೆ ಕಟ್ಟಲು ಹಿಡಿದರು.

“ಆ ಕಂಬ ಒಂಚೂರು ಈ ಕಡೆಗೆ.”

“ನಿಂಗೇನೂ ನೆನಪಿಲ್ಲ. ಅಲ್ಲಿ ಅವ್ವ ಚಾಪೆ ಹೆಣೀತಿದ್ಲು.”

“ಚಾಪೆ ಹೆಣೀತಿದ್ದದ್ದು ಹಿತ್ತಲಲ್ಲಿ. ನೀನು ಆಗ ಸೊಂಟದ ಮೇಲಿನ ಕೂಸು, ಬಾಯಿ ಮುಚ್ಕೊಂಡು ಇಟ್ಟಿಗೆ ಇಡು.”

ಹೀಗೆ ಎಂಟು ವರ್ಷ. ಕಂಬದ ಮಾತಾಯಿತು, ಕಿಟಕಿಯ ಮಾತಾಯಿತು, ಹಂದಿಗೂಡು ಎಲ್ಲಿತ್ತು ಎಂಬುದಕ್ಕೆ ಮೂರು ವಾರ ಜಗಳವಾಯಿತು. ಪತ್ರದ ಮಾತನ್ನು ಅಕ್ಕ ಎತ್ತಲಿಲ್ಲ, ಅಕಾಯಿತಿಯೂ ಎತ್ತಲಿಲ್ಲ. ಎತ್ತಿದರೆ ಅಕ್ಕ ಮತ್ತೆ ಬರುವುದಿಲ್ಲ ಎಂಬ ಹೆದರಿಕೆ ಅವಳಿಗೆ. ಸಿಟ್ಟೂ ಇತ್ತು, ಭಾನುವಾರಕ್ಕಾಗಿ ಕಾಯುವುದೂ ಇತ್ತು. ಮನುಷ್ಯರು ಹೀಗೇ ಇರುತ್ತಾರೆ.

ತೊಂದರೆ ಇದ್ದದ್ದು ದಾರಿಯದು. ಮಿತಿಯಾರೊಗೆಲ್ಲ ಸೇರಿ ಆಕಾಶಕ್ಕೆ ಮುಖ ಮಾಡಿದ ಒಂದೇ ಡಿಶ್ಶು. ಅಲ್ಲಿಂದ ಈ ಕಡೆಗೆ ಬರುವ ನಾಲ್ಕು ಜನರ ದನಿ ಸಲೀಸಾಗಿ ಬರುತ್ತಿತ್ತು. ಈ ಕಡೆಯಿಂದ ಗುಂಪಿನ ದನಿ ಅಷ್ಟೂ ಆ ಕಿರಿದಾದ ದಾರಿಯಲ್ಲಿ ನುಗ್ಗುವಾಗ ಮಾತುಗಳು ತುಂಡುತುಂಡಾಗುತ್ತಿದ್ದವು. ಸರ್ವರಿನಲ್ಲಿ ಬಫರ್ ಎಂದು ಒಂದಿದೆ. ಹೊರಗೆ ಹೋಗಬೇಕಾದದ್ದು ದಾರಿ ಬಿಡುವಾಗುವ ತನಕ ಸಾಲಾಗಿ ನಿಲ್ಲುವ ಜಾಗ. ಅದು ತುಂಬಿದರೆ, ಆಮೇಲೆ ಬಂದದ್ದನ್ನು ಸರ್ವರ್ ಯಾವ ಮುಲಾಜೂ ಇಲ್ಲದೆ ಬಿಸಾಕುತ್ತದೆ. ಎಷ್ಟು ಬಿಸಾಕಿತು ಎಂಬುದು ತೆರೆಯ ಮೇಲೆ ಕಾಣಿಸುತ್ತದೆ. ಆ ಸಂಖ್ಯೆ ಏರುವುದನ್ನು ಕಂಡರೆ ಅಕಾಯಿತಿಗೆ ಊಟ ಸೇರುತ್ತಿರಲಿಲ್ಲ. ಬಫರನ್ನು ಎರಡು ಪಟ್ಟು ಮಾಡಿದಳು, ನಾಲ್ಕು ಪಟ್ಟು ಮಾಡಿದಳು, ಕೊನೆಗೆ ಇಪ್ಪತ್ತು ಪಟ್ಟು ಮಾಡಿದಳು. ಬಿದ್ದ ಮಾತಿನ ಸಂಖ್ಯೆ ಸೊನ್ನೆಗೆ ಬಂದು ನಿಂತಿತು.

ತಾಮತಿ ಅದನ್ನು ಕಂಡು ಹಣೆ ಚಚ್ಚಿಕೊಂಡ. ಅವನು ಪಕ್ಕದ ಪುಟಾರುರುವಿನವನು, ನಲವತ್ತೈದರ ಮಾವೊರಿ ಗಂಡಸು, ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟವನು. ತಿಂಗಳಿಗೊಮ್ಮೆ ಬಂದು ಸರ್ವರಿನ ಧೂಳು ಹೊಡೆದು, ಅಕಾಯಿತಿ ಕರಿದ ಡೋನಟ್ ತಿಂದು ಹೋಗುತ್ತಾನೆ.

“ಆಂಟಿ, ಇದೇನು ಮಾಡಿಟ್ಟಿದೀರ? ಇಷ್ಟು ದೊಡ್ಡ ಬಫರ್ ಯಾರಾದ್ರೂ ಇಡ್ತಾರಾ?”

“ನಾನಿಟ್ಟಿದೀನಿ. ಸೊನ್ನೆ ಕಾಣ್ತಿಲ್ವಾ ನಿನ್ನ ಕಣ್ಣಿಗೆ?”

“ಕಾಣತ್ತೆ. ಆ ಕಡೆ ಬಾಗ್ಲು ಒಬ್ರು ನುಸುಳೋವಷ್ಟು. ನೀವು ಈ ಕಡೆ ಜಗಲಿ ಉದ್ದ ಮಾಡಿದೀರ. ಬಾಗ್ಲೇನಾದ್ರೂ ಅಗಲ ಆಯ್ತಾ?”

“ಬಾಗ್ಲು ಅಗಲ ಆಗ್ಲಿಲ್ಲ. ಜಗಲಿ ಮೇಲೆ ಕೂತೋರು ಮಳೇಲಿ ನೆನೆಯಲ್ಲ.”

“ನೆನೆಯಲ್ಲ, ಕೂತಲ್ಲೇ ಮುದುಕ್ರಾಗ್ತಾರೆ. ಈಗೇನೋ ಒಂದೊಂದು ಕಡೆ ನಾಲ್ಕು ಜನ ಮಾತಾಡ್ತೀರ, ನಡೆಯತ್ತೆ. ಎಲ್ಲರೂ ಒಂದೇ ಕಡೆ ಸೇರಿದ ದಿನ ಈ ಜಗಲಿ ತುಂಬತ್ತೆ ನೋಡಿ, ಆಗ ನೀವು ಅಂದಿದ್ದು ಅವ್ರಿಗೆ ಯಾವಾಗ್ಲೋ ಕೇಳ್ಸತ್ತೆ. ಮಾತಿಗೆ ಚಿಕ್ಕ ಬಫರೇ ಸರಿ. ನಾಲ್ಕು ಪದ ಬಿದ್ರೆ ಬೀಳ್ಲಿ, ಉಳಿದಿದ್ದು ಹೊತ್ತಿಗೆ ಸರಿಯಾಗಿ ತಲುಪತ್ತೆ.”

“ಯಾರ ನಾಲ್ಕು ಪದ ಬೀಳ್ಬೇಕು ಅಂತ ನೀನು ಆರಿಸ್ತೀಯಾ?”

ತಾಮತಿ ಇನ್ನೊಂದು ಡೋನಟ್ ಎತ್ತಿಕೊಂಡ. “ನಿಮ್ಮ ಹತ್ರ ವಾದ ಮಾಡಿ ಗೆದ್ದೋರು ಯಾರಾದ್ರೂ ಇದಾರಾ?”

“ನಮ್ಮನೆಯೋರು ಗೆದ್ದಿದ್ರು ಒಂದ್ಸಲ. ಆಮೇಲೆ ಜಾಸ್ತಿ ದಿನ ಉಳೀಲಿಲ್ಲ.”

ನಾಲ್ಕೈದು ಜನರ ಮಾತಿಗೆ ಆ ಜಗಲಿ ಎಂದೂ ತುಂಬಲಿಲ್ಲ. ಅಕ್ಕನಿಗೆ ಎಲ್ಲ ಮಾತೂ ಇಡಿಯಾಗಿ ಕೇಳಿಸತೊಡಗಿತು. ದ್ವೀಪದವರು ಅಕಾಯಿತಿಯನ್ನು ಹಾಡಿ ಹೊಗಳಿದರು. ಅವಳ ಕಾಲು ಸ್ವಲ್ಪ ದಿನ ನೆಲದ ಮೇಲಿರಲಿಲ್ಲ.

ಕಳೆದ ಜುಲೈಯಲ್ಲಿ ಮೊಯೆರೋವಾ ಅಂಗಳದಲ್ಲಿ ಕುಸಿದು ಬಿದ್ದಳು. ಮೂರು ದಿನ ಎಚ್ಚರವಿಲ್ಲದೆ ಮಲಗಿದ್ದು ಹೋಗಿಬಿಟ್ಟಳು. ಸುದ್ದಿ ಕೇಳಿದ ಅಕಾಯಿತಿಗೆ ಅಳು ಬರುವ ಮೊದಲು ಬಂದದ್ದು ದಿಗಿಲು. ಹೇಳಬೇಕಾದದ್ದನ್ನು ಹೇಳಲೇ ಇಲ್ಲ.

ಅವರ ಮನೆತನದಲ್ಲಿ ಒಂದು ನಡಾವಳಿ ಇದೆ. ಪೆಟ್ಟಿಗೆ ಮುಚ್ಚುವ ಮುನ್ನ ಒಡಹುಟ್ಟಿದವರು ಬಗ್ಗಿ ಸತ್ತವರ ಕಿವಿಯಲ್ಲಿ ಕೊನೆಯ ಮಾತು ಹೇಳಬೇಕು. ನಡುವೆ ಏನಾದರೂ ಕಹಿಯಿದ್ದರೆ ಅಲ್ಲಿ ಬಿಟ್ಟುಕೊಡಬೇಕು. ಅದು ಆ ಕಿವಿಗೆ ಮಾತ್ರ. ಬೇರೆಯವರು ಕೇಳಿಸಿಕೊಳ್ಳುವಂತಿಲ್ಲ, ಏನಂದೆ ಎಂದು ಆಮೇಲೆ ವಿಚಾರಿಸುವಂತಿಲ್ಲ. ಹೇಳಲು ಮನಸ್ಸಿಲ್ಲದವರು ಬಗ್ಗುವುದಿಲ್ಲ. ಆಗ ಅವರ ಮಾನ ಮುಚ್ಚಲು ಹಿಂದೆ ನಿಂತವರು ಹಾಡನ್ನು ನಿಲ್ಲಿಸದೆ ಮುಂದುವರಿಸುತ್ತಾರೆ. ಹಾಡು ನಿಲ್ಲಲಿಲ್ಲ ಎಂದರೆ ಕಹಿಯೂ ಸತ್ತವರ ಜೊತೆ ಪೆಟ್ಟಿಗೆಗೆ ಹೋಯಿತೆಂದು ಅರ್ಥ. ಮುಚ್ಚಳ ಬಿದ್ದ ಮೇಲೆ ಸತ್ತವರೊಡನೆ ಯಾರೂ ಮಾತಾಡುವುದಿಲ್ಲ. ಐವರು ಒಡಹುಟ್ಟಿದವರಲ್ಲಿ ಈಗ ಉಳಿದವಳು ಅಕಾಯಿತಿ ಒಬ್ಬಳೇ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ಆಮೇಲೆ ಕೇಳುವುದು ಸುಲಭ. ಆ ವಾರ ದ್ವೀಪದ ಫೋನು ಎರಡು ನಿಮಿಷಕ್ಕೊಮ್ಮೆ ಕಡಿಯುತ್ತಿತ್ತು, ಕಡಿಯುವ ಕರೆಯನ್ನು ಅಕಾಯಿತಿ ನಂಬುವವಳಲ್ಲ. ಅದೂ ಅಲ್ಲದೆ ನೆಂಟರಿಷ್ಟರೆಲ್ಲ ಆಟದೊಳಗೆ, ಅಕ್ಕತಂಗಿ ಕಟ್ಟಿದ ಅವ್ವನ ಮನೆಯಲ್ಲಿ ಸೇರುವುದೆಂದು ಆಗಲೇ ಮಾತಾಗಿತ್ತು.

“ಪೆಟ್ಟಿಗೆ ಪಕ್ಕ ಲ್ಯಾಪ್‌ಟಾಪ್ ಇಟ್ಕೊಳ್ತೀನಿ,” ಎಂದ ಅಪೋರೊ. “ಇಯರ್‌ಫೋನ್ ಒಂದು ಅಮ್ಮನ ಕಿವೀಲಿ, ಒಂದು ನನ್ನ ಕಿವೀಲಿ. ನಿನ್ನ ದನಿ ಶುರು ಆದ ತಕ್ಷಣ ನಂದು ತೆಗೆದುಬಿಡ್ತೀನಿ ಚಿಕ್ಕಮ್ಮ. ಕೇಳಲ್ಲ.”

“ನೂರು ಎಣಿಸ್ಕೊಂಡು ಆಮೇಲೆ ಹಾಕ್ಕೋ.”

“ಸರಿ. ಏನು ಹೇಳ್ಬೇಕು ಅಂತ ಯೋಚ್ನೆ ಮಾಡಿದ್ಯಾ?”

“ಮೂವತ್ತೊಂಬತ್ತು ವರ್ಷದಿಂದ ಮಾಡ್ತಿದೀನಿ.”

ಗುರುವಾರ ಬೆಳಿಗ್ಗೆ ಅಕಾಯಿತಿ ಕಪ್ಪು ಬಟ್ಟೆ ಉಟ್ಟು, ಚರ್ಚಿನ ಬಿಳಿ ಹುಲ್ಲಿನ ಟೊಪ್ಪಿ ಇಟ್ಟು, ಗ್ಯಾರೇಜಿಗೆ ಬಂದು ಕೂತಳು. ಬರುತ್ತೇವೆ ಎಂದವರ ಪಟ್ಟಿ ಮುನ್ನೂರ ನಲವತ್ತು ದಾಟಿತ್ತು. ಅಷ್ಟೂ ಜನರ ದನಿ ಒಂದೇ ಮನೆಯಲ್ಲಿ. ಇಂದು ಒಂದು ಮಾತೂ ಬಿದ್ದುಹೋಗಬಾರದು ಎಂದುಕೊಂಡು ಬಫರನ್ನು ಇನ್ನೂ ಎರಡು ಪಟ್ಟು ಮಾಡಿದಳು. ತಾಮತಿ ಬಂದದ್ದು ಆಮೇಲೆ. ಅವನೂ ಕಪ್ಪು ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು, ಸಾವಿನ ಮನೆಗೆ ಬಂದವನ ಹಾಗೆ ಬಾಗಿಲ ಬಳಿ ಸುಮ್ಮನೆ ನಿಂತ. ಇವತ್ತು ಸೆಟ್ಟಿಂಗಿನ ಮಾತೆತ್ತುವುದು ಅವನಿಗೆ ಸರಿ ಕಾಣಲಿಲ್ಲ.

ಇಲ್ಲಿ ಗುರುವಾರ ಮಧ್ಯಾಹ್ನ ಒಂದು ಗಂಟೆ, ಅಲ್ಲಿ ಬುಧವಾರ ಮೂರು ಗಂಟೆ. ಆಟದ ಮನೆ, ಅಂಗಳ, ಬೇಲಿಯ ತನಕ ಜನ. ಹಾಡು ಎದ್ದಿತು. ಗಂಡಸರ ದಪ್ಪ ದನಿ ಕೆಳಗೆ, ಹೆಂಗಸರ ದನಿ ಅದರ ಮೇಲೆ. ಟೊಕೊರೋವಾದ ದನಿ, ಬ್ರಿಸ್ಬೇನಿನ ದನಿ, ಎಲ್ಲ ಸೇರಿ ಗ್ಯಾರೇಜಿನ ತಗಡು ನಡುಗಿತು. ಅಕಾಯಿತಿ ಒಮ್ಮೆ ತೆರೆಯ ಮೂಲೆ ನೋಡಿದಳು. ಬಿದ್ದದ್ದು ಸೊನ್ನೆ. ಕಾಲು ಗಂಟೆ ಹಾಡಿದ ಮೇಲೆ ಅಪೋರೊನ ದನಿ ಬಂತು.

“ಚಿಕ್ಕಮ್ಮ, ಈಗ.”

ತಾಮತಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಆಟದಲ್ಲಿ ಎಲ್ಲರೂ ಒಮ್ಮೆಗೇ ಹಾಡು ನಿಲ್ಲಿಸಿದರು. ಒಬ್ಬರಿಗೆ ಮಾತ್ರ ಕೇಳಿಸುವ ಪಿಸುಮಾತಿನ ಗುಂಡಿ ಒತ್ತಿ ಅಕಾಯಿತಿ ಮೈಕಿನ ಹತ್ತಿರ ಬಗ್ಗಿದಳು. ಪೆಟ್ಟಿಗೆಯ ಮೇಲೆ ಬಗ್ಗಿದ ಹಾಗೆಯೇ ಬಗ್ಗಿದಳು.

“ಅಕ್ಕ, ನಾನು ಅಕಾಯಿತಿ. ಮೂರು ಪತ್ರ ಬರೆದಿದ್ದೆ, ನಿಂಗೊತ್ತು. ಒಂದೂ ಬರ್ಲಿಲ್ಲ ಅಂತ ಅವನಿಗೆ ಹೇಳ್ದೆ, ಅದು ನಂಗೊತ್ತು. ಹೊರಟುಹೋಗ್ತಾನೆ ಅಂತ ಭಯ ಇತ್ತು ನಿಂಗೆ. ನಿನ್ನ ಜಾಗದಲ್ಲಿದ್ರೆ ನಾನೂ ಅದೇ ಸುಳ್ಳು ಹೇಳ್ತಿದ್ನೇನೋ. ತುಂಬಾ ಬೈದಿದೀನಿ ನಿನ್ನ, ಒಬ್ಬಳೇ ಕೂತು. ಇವತ್ತಿಗೆ ಮುಗೀತು. ಅವನನ್ನ ಚೆನ್ನಾಗಿ ಬೆಳೆಸಿದೀಯ. ನನ್ನ ನಿನ್ನ ನಡುವೆ ಏನೂ ಉಳೀಲಿಲ್ಲ. ಹೋಗಿ ಬಾ ಅಕ್ಕ.”

ಗುಂಡಿ ಬಿಟ್ಟಳು. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಅಳು ಆಗ ಬಂತು, ತಡೆಯಲಿಲ್ಲ.

ಅಷ್ಟರಲ್ಲಿ ಅಪೋರೊನ ದನಿ ಕೇಳಿಸಿತು. ಅವನು ಮಾತಾಡುತ್ತಿದ್ದದ್ದು ಇವಳೊಡನೆಯಲ್ಲ.

“ಪಾದ್ರಿಗಳೇ, ಒಂಚೂರು ತಡೀರಿ. ಅವ್ರು ಇನ್ನೂ ಹಾಡ್ತಿದಾರೆ.”

“ಇನ್ನೂ ಹಾಡ್ತಿದಾರಾ?”

“ಹೂಂ. ನಿಲ್ಸೇ ಇಲ್ಲ.”

ಅಕಾಯಿತಿಗೆ ಅರ್ಥವಾಗಲಿಲ್ಲ. ಆಟದ ಅಂಗಳದಲ್ಲಿ ಮುನ್ನೂರ ನಲವತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಯಾರು ಹಾಡುತ್ತಿದ್ದಾರೆ?

“ಅಪೋರೊ, ನಾನು ಹೇಳಾಯ್ತು ಕಣೋ,” ಎಂದಳು. “ಇಲ್ಲಿ ಯಾರೂ ಹಾಡ್ತಿಲ್ಲ.”

ಆ ಕಡೆ ಗಾಳಿಯ ಸದ್ದು, ಯಾರೋ ಕೆಮ್ಮಿದ ಸದ್ದು. “ಚಿಕ್ಕಮ್ಮ, ಒಂದು ಮಾತಾದ್ರೂ ಹೇಳು,” ಎಂದ ಅಪೋರೊ. ಅವನ ದನಿ ಒಡೆದಿತ್ತು. “ಒಂದೇ ಒಂದು.”

ಅಪೋರೊ, ಅಪೋರೊ ಎಂದು ಅಕಾಯಿತಿ ಕೂಗಿದ್ದು ಕೇಳಿ ತಾಮತಿ ಒಳಗೆ ಓಡಿ ಬಂದ. ತೆರೆಯ ಮೇಲೆ ಎರಡು ಸಂಖ್ಯೆ ನೋಡಿದ. ಬಿದ್ದದ್ದು ಸೊನ್ನೆ. ಸಾಲಿನಲ್ಲಿ ಕಾಯುತ್ತಿರುವುದು, ಎರಡು ನಿಮಿಷಕ್ಕೂ ಮಿಕ್ಕಿ.

“ಆಂಟಿ, ನಿಮ್ಮ ಮಾತು ಇನ್ನೂ ಇಲ್ಲೇ ಇದೆ. ಗ್ಯಾರೇಜಲ್ಲೇ ಇದೆ. ಅವ್ರಿಗೆ ಕೇಳ್ತಿರೋದು ಹಳೇ ಹಾಡು.”

“ಏನಂದೆ?”

“ಸಾಲು ಖಾಲಿ ಮಾಡ್ಲಾ? ನಿಂತಿರೋದನ್ನೆಲ್ಲ ಬಿಸಾಕ್ತೀನಿ. ಆಮೇಲೆ ನೀವು ಇನ್ನೊಂದ್ಸಲ ಹೇಳಿ, ತಕ್ಷಣ ಹೋಗತ್ತೆ. ಬೇಗ ಹೇಳಿ.”

“ಬಿಸಾಕಿದ್ರೆ ನಾನಂದಿದ್ದೂ ಹೋಗತ್ತಲ್ಲ.”

“ಹೋಗತ್ತೆ. ಮತ್ತೆ ಹೇಳ್ಬೇಕು.”

“ಬೇಡ, ತಡಿ. ಬಿಸಾಕ್ಬೇಡ. ಈಗ ತಲುಪತ್ತೇನೋ. ತಡಿ.”

ತಾಮತಿಯ ಬೆರಳು ಗುಂಡಿಯ ಮೇಲೇ ಇತ್ತು. ಅವಳು ಅವನ ಕೈ ಹಿಡಿದುಕೊಂಡಿದ್ದಳು. ಹದಿನಾಲ್ಕು ವರ್ಷ ಕರೆ ಕಡಿಯದೆ ಕಾಯ್ದ ಕೈ ಅದು, ಅದಕ್ಕೆ ಬೇರೆ ಗೊತ್ತಿಲ್ಲ. ಆ ಕಡೆ ಪಾದ್ರಿಯ ದನಿ ಕೇಳಿಸಿತು, ಮೆತ್ತಗೆ. “ಬಿಡು ಮಗಾ. ಅವಳಿಗೆ ಮನಸ್ಸಿಲ್ಲ. ಮೋಡ ಬೇರೆ ಕವಿದಿದೆ.” ಆಮೇಲೆ ಮರದ ಮೇಲೆ ಮರ ಕೂತ ಸದ್ದು. ಆಮೇಲೆ ಮೊಳೆ.

“ನಿಲ್ಸಿ,” ಎಂದು ಅಕಾಯಿತಿ ಮೈಕಿಗೆ ಬಾಯಿ ಹಚ್ಚಿ ಕಿರುಚಿದಳು. “ಮುಚ್ಬೇಡಿ, ನಾನು ಹೇಳಿದೀನಿ.” ಅದೂ ಹೋಗಿ ಸಾಲಿನ ಕೊನೆಗೆ ನಿಂತಿತು.

ಪೆಟ್ಟಿಗೆಯಿಂದ ತೆಗೆದ ಇಯರ್‌ಫೋನನ್ನು ಅಪೋರೊ ಲ್ಯಾಪ್‌ಟಾಪಿನಿಂದ ಕಿತ್ತ. ಕಿತ್ತದ್ದೇ ದನಿ ಹೊರಗೆ ಬಂತು. ಮೊದಲು ಹಾಡಿನ ಕೊನೆಯ ಸಾಲು. ಆಮೇಲೆ, ದ್ವೀಪದ ಅಷ್ಟೂ ಜನ ನಿಂತಿದ್ದ ಅಂಗಳದಲ್ಲಿ, ಮುಚ್ಚಿದ ಪೆಟ್ಟಿಗೆಯ ಮುಂದೆ: ‘ಅಕ್ಕ, ನಾನು ಅಕಾಯಿತಿ. ಮೂರು ಪತ್ರ ಬರೆದಿದ್ದೆ, ನಿಂಗೊತ್ತು.’ ಅಲ್ಲಿನ ಮೈಕು ಅದನ್ನು ಹಿಡಿದು ಆಟದೊಳಗಿದ್ದ ಎಲ್ಲರಿಗೂ ಮುಟ್ಟಿಸಿತು. ಅಕಾಯಿತಿ ತನ್ನ ಮಾತನ್ನು ತಾನೇ ಕೇಳುತ್ತ ಕೂತಳು. ಒಂದು ಪದವೂ ಬಿದ್ದಿರಲಿಲ್ಲ. ಸುಳ್ಳು ಎಂಬ ಪದ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಹೋಗಿ ಬಾ ಅಕ್ಕ ಎಂಬುದಕ್ಕೆ ಮೊದಲೇ ಅಪೋರೊ ಲ್ಯಾಪ್‌ಟಾಪ್ ಮಡಚಿದ.

ಮರುದಿನ ತಾಮತಿ ಬಫರನ್ನು ಚಿಕ್ಕದು ಮಾಡಿ ಹೋದ. ಅಕಾಯಿತಿ ಬೇಡ ಎನ್ನಲಿಲ್ಲ. ಅವನು ಡೋನಟ್ ತಿನ್ನಲಿಲ್ಲ, ಅವಳು ಕರಿದಿರಲೂ ಇಲ್ಲ.

ಅಪೋರೊನ ಫೋನು ಬಂದದ್ದು ಸೋಮವಾರ, ಅವಳು ಯಂತ್ರಕ್ಕೆ ಎಡತೋಳು ಕೊಟ್ಟು ಮಲಗಿದ್ದಾಗ. ಬಲಗೈಯಲ್ಲಿ ಫೋನು ಹಿಡಿದಳು.

“ಚಿಕ್ಕಮ್ಮ.”

“ಹೇಳು ಮಗಾ.”

“ಊರಲ್ಲಿ ಒಂದೇ ಮಾತು. ಪೆಟ್ಟಿಗೆ ಮುಚ್ಚಿದ ಮೇಲೆ ಅಮ್ಮನ್ನ ಸುಳ್ಳಿ ಅಂದ್ಲು ತಂಗಿ ಅಂತ. ಅವಳು ಎದ್ದು ಬಂದು ಉತ್ತರ ಕೊಡೋಕಾಗತ್ತಾ?”

“ಅದು ಮುಚ್ಚೋಕೆ ಮೊದ್ಲೇ ಅಂದಿದ್ದು ಕಣೋ. ತಡವಾಗಿ ಬಂತು. ತಪ್ಪು ನಂದೇ, ಆ ಬಫರ್—”

“ನಂಗೆ ಅದೆಲ್ಲ ತಿಳಿಯಲ್ಲ. ಕಿವೀಲಿ ಹೇಳಿದ್ದನ್ನ ವಿಚಾರಿಸ್ಬಾರ್ದು, ಗೊತ್ತು. ಆದ್ರೂ ಒಂದು ಕೇಳ್ತೀನಿ. ನಿಜ ಹೇಳು. ಬರೆದಿದ್ಯಾ ನೀನು? ಆ ಮೂರು ಪತ್ರ?”

ಈ ಒಂದು ಪ್ರಶ್ನೆಗಾಗಿ ಅವಳು ಮೂವತ್ತೊಂಬತ್ತು ವರ್ಷ ಕಾದಿದ್ದಳು. ಬರೆದಿದ್ದೆ ಎಂದರೆ ಸಾಕು. ಮಗನಿಗೆ ಗೊತ್ತಾಗುತ್ತದೆ, ತನ್ನನ್ನು ಹೆತ್ತವಳು ಬೇಡವೆಂದು ಬಿಟ್ಟು ಹೋದವಳಲ್ಲ ಎಂದು. ಆದರೆ ಅವನ ಅಂಗಳದಲ್ಲಿ ಈಗ ಹಸಿ ಗೋರಿ ಇದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ಸಂಜೆ ಬರುವಾಗ ಅದರ ಪಕ್ಕದಲ್ಲೇ ನಡೆಯಬೇಕು ಅವನು. ಬದುಕಿರುವ ತನಕ ನಡೆಯಬೇಕು. ನಮ್ಮಿಬ್ಬರ ನಡುವೆ ಏನೂ ಉಳಿದಿಲ್ಲ ಎಂದು ತಾನೇ ಅಂದದ್ದು.

“ಇಲ್ಲ,” ಎಂದಳು.

“ಇಲ್ವಾ?”

“ಬರೀಬೇಕು ಅಂದ್ಕೊಂಡಿದ್ದೆ. ಬರೀಲಿಲ್ಲ. ವಯಸ್ಸಾಯ್ತಲ್ಲ ಮಗಾ, ಅಂದ್ಕೊಂಡಿದ್ದು, ಮಾಡಿದ್ದು ಎಲ್ಲಾ ಕಲಸಿಹೋಗಿದೆ. ನಿಮ್ಮಮ್ಮ ಹೇಳಿದ್ದೇ ನಿಜ. ಊರೋರಿಗೂ ಹಾಗೇ ಹೇಳು.”

ಆ ಕಡೆ ಅವನು ಉಸಿರು ಬಿಟ್ಟದ್ದು ಕೇಳಿಸಿತು, ಹೊರೆ ಇಳಿಸಿದವನ ಉಸಿರು. ಆಮೇಲೆ ಅಂದ, “ಕೊನೇ ಹೊತ್ತಲ್ಲಿ ಅವಳ ಮೇಲೆ ಇಲ್ಲದ್ದು ಹೊರಿಸಿಬಿಟ್ಯಲ್ಲ ಚಿಕ್ಕಮ್ಮ.”

“ಹೌದು. ತಪ್ಪಾಯ್ತು.”

“ನಾನಿನ್ನು ಆ ಆಟಕ್ಕೆ ಬರಲ್ಲ. ಫೋನೂ ಮಾಡ್ಬೇಡ ಸ್ವಲ್ಪ ದಿನ.”

“ಆಯ್ತು ಮಗಾ.”

ಅವನು ಇಟ್ಟ ಮೇಲೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಯಂತ್ರದ ಮುಳ್ಳು ನೋಡಲು ಬಂದ ನರ್ಸು ಅವಳ ಕಣ್ಣು ಒರೆಸಿ, ಯಾರಮ್ಮ ಫೋನಲ್ಲಿ ಎಂದು ವಿಚಾರಿಸಿದಳು.

“ನಮ್ಮಕ್ಕನ ಮಗ,” ಎಂದಳು ಅಕಾಯಿತಿ.